ಟೋಪನ್ನಿನವರು ಮತ್ತು ಅಜ್ಜಿಯ ಕಾಫಿ

ಪರ್ತ್‌ನಿಂದ ಅಪ್ಪನ ಗೆಳೆಯ ಮಂಜುನಾಥ್ ಅಂಕಲ್ ಬಂದಿದ್ದ ಭಾನುವಾರ ಅದು. ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಗೆ ಒಂದು ದೊಡ್ಡ ಲೌಂಜಿತ್ತು. ಅಜ್ಜಿ ಅದನ್ನು ಕೊನೆಯವರೆಗೂ ನಡುಮನೆ ಎಂದೇ ಕರೆದಳು. ಅಲ್ಲಿನ ಸೋಫಾದಲ್ಲಿ ಅಪ್ಪ ಮತ್ತು ಅಂಕಲ್ ಕೂತಿದ್ದರು. ಅಮ್ಮ ಅಡುಗೆಮನೆಯ ಕಟ್ಟೆಯ ಹಿಂದೆ ನಿಂತು ಸಾರಿಗೆ ಒಗ್ಗರಣೆ ಕಾಯಿಸುತ್ತಿದ್ದಳು. ಅಜ್ಜಿ ಕಿಟಕಿಯ ಬಿಸಿಲಿಗೆ ಕಾಲು ಚಾಚಿಕೊಂಡು ಬ್ರಾಡ್ ಬೀನ್ಸ್ ಬಿಡಿಸುತ್ತ, ಅವು ಅವರೆಕಾಯಿಯೇ ಎಂದು ತನ್ನನ್ನು ತಾನೇ ನಂಬಿಸಿಕೊಳ್ಳುತ್ತಿದ್ದಳು. ನಾನು ಕಾರ್ಪೆಟ್ಟಿನ ಮೇಲೆ ಬೋರಲಾಗಿ ಮಲಗಿ ಶಾಲೆಯ ಇತಿಹಾಸದ ಪಾಠ ಓದುವ ನೆಪದಲ್ಲಿ ದೊಡ್ಡವರ ಮಾತಿಗೆ ಕಿವಿಕೊಟ್ಟಿದ್ದೆ. ಇವರೆಲ್ಲರ ತಲೆಯ ಮೇಲೆ, ಗೋಡೆಯಲ್ಲಿ, ದೇವರ ಪಟಕ್ಕೂ ಗಡಿಯಾರಕ್ಕೂ ನಡುವೆ, ಬಿಳಿ ಕೃತಕ ಕೂದಲಿನ ಟೋಪನ್ ಹಾಕಿಕೊಂಡ ಗಂಡಸರ ಒಂದು ಗುಂಪು ಚೌಕಟ್ಟಿನೊಳಗಿಂದ ನಮ್ಮನ್ನು ನೋಡುತ್ತಿತ್ತು.

ಆ ಪಟದ ಕಥೆ ಹೇಳದೆ ನಮ್ಮ ಮನೆಯ ಕಥೆ ಮುಂದಕ್ಕೆ ಹೋಗುವುದಿಲ್ಲ. ಅಪ್ಪ ಹುಡುಗನಾಗಿದ್ದಾಗ ಮೈಸೂರಿನ ಒಂದು ರದ್ದಿ ಅಂಗಡಿಯಲ್ಲಿ ಸಿಕ್ಕ ಹಳೆಯ ಪತ್ರಿಕೆಯಿಂದ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದ. ಅಮೆರಿಕವನ್ನು ಕಟ್ಟಿದವರು, ಬ್ರಿಟನ್ನಿನ ದೊರೆಯ ಹಂಗು ಹರಿದುಕೊಳ್ಳುವ ಕಾಗದಕ್ಕೆ ಸಹಿ ಹಾಕುತ್ತಿರುವ ಚಿತ್ರ. ಮದುವೆಯಾಗಿ ಬ್ರಿಸ್ಬೇನಿಗೆ ಬಂದಾಗ ಅದು ಸೂಟ್‌ಕೇಸಿನಲ್ಲಿ ಬಂತು, ಅಲ್ಲಿಂದ ಅಡಿಲೇಡಿಗೂ ಬಂತು. ಊಟಕ್ಕೆ ಕೂತಾಗೆಲ್ಲ ಅಪ್ಪ ಅವರ ಕಥೆ ಹೇಳುತ್ತಿದ್ದ. ಕೈಯಲ್ಲಿ ಲೇಖನಿ ಹಿಡಿದಿದ್ದಾರಲ್ಲ, ಯುದ್ಧದಲ್ಲಿ ಸೋತಿದ್ದರೆ ಅದೇ ಅವರ ನೇಣಿನ ಹಗ್ಗವಾಗುತ್ತಿತ್ತು. ಪ್ರಾಣ, ಆಸ್ತಿ, ಮಾನ, ಮೂರನ್ನೂ ಒತ್ತೆಯಿಟ್ಟರು. ಅವರ ಸೈನಿಕರು ಹಿಮದಲ್ಲಿ ಕಾಲಿಗೆ ಚಿಂದಿ ಸುತ್ತಿಕೊಂಡು ನಡೆದರು. ನಾನು ತಟ್ಟೆಯಲ್ಲಿ ಪಲ್ಯ ಬಿಟ್ಟರೂ ಸಾಕು, ಆ ಸೈನಿಕರು ಚಿಂದಿ ಕಾಲಿನಲ್ಲಿ ನಮ್ಮ ಊಟದ ಮೇಜಿಗೆ ಬಂದುಬಿಡುತ್ತಿದ್ದರು. ಅಜ್ಜಿ ಮೈಸೂರಿನಿಂದ ಬಂದ ಮೊದಲ ಶುಕ್ರವಾರವೇ ದೇವರ ಪಟಗಳಿಗೆಲ್ಲ ಕುಂಕುಮವಿಟ್ಟು, ಆ ಸಾಲಿನಲ್ಲೇ ಇದ್ದ ಟೋಪನ್ನಿನವರ ಗಾಜಿಗೂ ಒಂದು ಬೊಟ್ಟಿಟ್ಟು, ಒಂದು ಸೇವಂತಿಗೆ ಸಿಕ್ಕಿಸಿದ್ದಳು. ಅಮ್ಮ ನಗು ತಡೆಯಲಾರದೆ ಅವರು ದೇವರಲ್ಲ ಎಂದಾಗ ಅಜ್ಜಿ ಸ್ವಲ್ಪವೂ ಅಳುಕಲಿಲ್ಲ.

“ದೇವ್ರಲ್ದಿದ್ರೆ ಗುರುಗಳಿರ್ಬೇಕು. ನನ್ನ ಮಗ ಬೆಳಿಗ್ಗೆ ಸಂಜೆ ಅವರ ಹೆಸರೇ ಹೇಳ್ತಾನೆ. ಇಟ್ರೆ ಏನು ಸವೀತದೆ?”

ಅಂದಿನಿಂದ ಪ್ರತಿ ಶುಕ್ರವಾರ ಅವರಿಗೆ ಕುಂಕುಮ ಸಲ್ಲುತ್ತಿತ್ತು. ಮನೆಗೆ ಬಂದ ಕನ್ನಡದವರು ಇದು ನಿಮ್ಮ ಮನೆದೇವರಾ ಎಂದು ಅಪ್ಪನನ್ನು ಕೆಣಕುತ್ತಿದ್ದರು. ಅಪ್ಪನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಆ ಭಾನುವಾರ ಅಂಕಲ್ ತಂದಿದ್ದ ಸುದ್ದಿ ಇದು. ಅವರು ಪರ್ತ್‌ನಲ್ಲಿ ಭೂವಿಜ್ಞಾನಿ. ಗಣಿಯವರ ಬಳಗದಲ್ಲಿ ಅವರ ಮಾತು ನಡೆಯುತ್ತಿತ್ತು. ಅಪ್ಪನಿಗೆ ಅಲ್ಲೊಂದು ಎಂಜಿನಿಯರ್ ಕೆಲಸ ಗೊತ್ತು ಮಾಡಿಸಿದ್ದರು. ಸ್ವಾನ್ ವ್ಯಾಲಿಯ ಹತ್ತಿರ ಒಂದು ಮನೆಯನ್ನೂ ನೋಡಿಟ್ಟಿದ್ದರು, ಹಿತ್ತಲಿಗೆ ದ್ರಾಕ್ಷಿ ತೋಟ ಕಾಣುತ್ತದಂತೆ. ಅಪ್ಪ ಎದ್ದು ನಿಂತು, ಬಲಗೈಯನ್ನು ಸ್ವಲ್ಪ ಮುಂದೆ ಚಾಚಿ, ಗೋಡೆಯ ಮೇಲಿನವರಂತೆಯೇ ಮಾತನಾಡಿದ.

“ಎಲ್ಲರೂ ಪರ್ತ್‌ಗೆ ಹೋಗ್ತಿದೀವಿ. ಸ್ವಲ್ಪ ಕಷ್ಟ ಆಗತ್ತೆ, ಇಲ್ಲ ಅನ್ನಲ್ಲ. ಮನೆ ಅಂದ್ಮೇಲೆ ಎಲ್ಲರೂ ಒಂದಷ್ಟು ತ್ಯಾಗ ಮಾಡ್ಬೇಕು.”

ಅಮ್ಮ ಒಗ್ಗರಣೆಯನ್ನು ಸಾರಿಗೆ ಸುರಿದಳು. ಚೊರ್ ಎಂಬ ಸದ್ದು ಅಡಗಿದ ಮೇಲೆ ಕೇಳಿದಳು.

“ನನ್ನ ಆಸ್ಪತ್ರೆ ಕೆಲಸ?”

“ಪರ್ತ್‌ನಲ್ಲಿ ಆಸ್ಪತ್ರೆ ಇಲ್ವಾ ಸುಮಾ?”

ಅಂಕಲ್ ಕೂಡ, “ಅಲ್ಲೂ ಬೇಕಾದಷ್ಟಿದೆ ಸಿಸ್ಟರ್, ಆರಾಮಾಗಿ ನಿಧಾನಕ್ಕೆ ನೋಡ್ಕೋಬಹುದು” ಎಂದರು. ನಿಧಾನಕ್ಕೆ ಎಂಬ ಆ ಪದ ಅಮ್ಮನ ಮುಖಕ್ಕೆ ಏನು ಮಾಡಿತೆಂಬುದು ನೆಲದಲ್ಲಿ ಮಲಗಿದ್ದ ನನಗೆ ಚೆನ್ನಾಗಿ ಕಂಡಿತು. ಬ್ರಿಸ್ಬೇನಿನಲ್ಲಿ ಅಮ್ಮ ನರ್ಸಿಂಗ್ ಓದಿಗೆ ಸೇರಿದ್ದಳು; ಅಪ್ಪನ ಕೆಲಸ ಅಡಿಲೇಡಿಗೆ ಬಂತೆಂದು ಅರ್ಧಕ್ಕೆ ಬಿಟ್ಟಳು. ಇಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಹಗಲು ವೃದ್ಧಾಶ್ರಮದ ಅಡುಗೆಮನೆಯಲ್ಲಿ ದುಡಿದು, ಸಂಜೆ ನನ್ನ ಪಕ್ಕ ಕೂತು ನನಗಿಂತ ಹೆಚ್ಚು ಹೋಂವರ್ಕ್ ಮಾಡುತ್ತಿದ್ದಳು. ಓದು ಮುಗಿದು, ಮಾಡ್ಬರಿಯ ಆಸ್ಪತ್ರೆಯಲ್ಲಿ ಹೊಸ ನರ್ಸುಗಳ ಮೊದಲ ವರ್ಷದ ಜಾಗ ಸಿಕ್ಕಿ, ಕಡುನೀಲಿ ಸಮವಸ್ತ್ರವನ್ನು ಇಸ್ತ್ರಿ ಮಾಡಿ ಬಾಗಿಲ ಹಿಂದೆ ತೂಗುಹಾಕಿದ್ದಳು. ಬಟ್ಟೆ ಒಗೆಯುವ ಕೋಣೆಗೆ ಹೋಗಿಬರುವಾಗೆಲ್ಲ ಅದರ ತೋಳನ್ನು ಒಮ್ಮೆ ಮುಟ್ಟಿ ಹೋಗುತ್ತಿದ್ದಳು. ಆ ಜಾಗ ಬಿಟ್ಟರೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಿತ್ತು.

ಇದೇ ಹೊತ್ತಿಗೆ ಶಾಲೆಯಲ್ಲಿ ನಮ್ಮ ಮಿಸ್ ಅಮೆರಿಕದ ಕ್ರಾಂತಿಯ ಪಾಠ ಶುರು ಮಾಡಿದ್ದರು. ಒಂದು ಹ್ಯಾಟಿನಲ್ಲಿ ಚೀಟಿ ಹಾಕಿ, ಯಾರಿಗೆ ಯಾವ ಪಾತ್ರ ಬರುತ್ತದೋ ಅವರಾಗಿ ತರಗತಿಯ ಮುಂದೆ ನಿಂತು, ಆ ದೇಶ ಹುಟ್ಟುವಾಗ ನಾನು ಇಂಥದ್ದನ್ನು ತ್ಯಾಗ ಮಾಡಿದೆ ಎಂದು ಮಾತನಾಡಬೇಕು. ಒಬ್ಬಳಿಗೆ ಸೇನಾಪತಿ ಬಂದ, ಒಬ್ಬನಿಗೆ ಕಮ್ಮಾರ ಬಂದ. ನನಗೆ ಬಂದದ್ದು, ಸಹಿ ಹಾಕಿದವರಲ್ಲೊಬ್ಬನ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಗುಲಾಮ ಹೆಂಗಸು. ಚೀಟಿಯಲ್ಲಿ ಅವಳಿಗೆ ಹೆಸರೂ ಇರಲಿಲ್ಲ. ಮನೆಗೆ ಬಂದು ಹೇಳಿದಾಗ ಅಪ್ಪನಿಗೆ ಸಿಟ್ಟು ಬಂತು.

“ನಿನಗ್ಯಾಕೆ ಕೆಲಸದವಳ ಪಾರ್ಟು ಕೊಟ್ರು? ಹೋಗಿ ಚೇಂಜ್ ಮಾಡಿಸ್ಕೊ. ಆ ಯಜಮಾನನ ಪಾರ್ಟ್ ತಗೋ, ಭಾಷಣ ನಾನು ಬರ್ಕೊಡ್ತೀನಿ. ನಿಂತು ಕೇಳ್ಬೇಕು ಎಲ್ಲರೂ.”

ನಾನು ಆ ವಯಸ್ಸಿನಲ್ಲಿ ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದೆ. ಅಜ್ಜಿ ಮಾತ್ರ ಅದನ್ನು ನಡೆಸಿಕೊಡುತ್ತಿರಲಿಲ್ಲ. ಅವಳಿಗೆ ಇಂಗ್ಲಿಷ್ ತಕ್ಕಮಟ್ಟಿಗೆ ತಿಳಿಯುತ್ತಿತ್ತು. ಆದರೂ ನನ್ನ ಬಾಯಿಂದ ಬಂದಾಗ ಕಿವುಡಿಯಾಗುತ್ತಿದ್ದಳು. ಈಗ ಈ ಪುಟ ಬರೆಯುವಷ್ಟು ಕನ್ನಡ ನನಗೆ ದಕ್ಕಿದ್ದು ಆ ಹಟದಿಂದ. ಅಂದು ಸಂಜೆ ಹಿತ್ತಲಿನ ಕರಿಬೇವಿನ ಕುಂಡದ ಪಕ್ಕ ಕೂತು ಅವಳಿಗೆ ನನ್ನ ಕಷ್ಟವನ್ನು ತುಂಡು ತುಂಡು ಕನ್ನಡದಲ್ಲಿ ಹೇಳಿದೆ. ಈ ಹೆಂಗಸಿನ ಹತ್ತಿರ ಏನೂ ಇರಲಿಲ್ಲ ಅಜ್ಜಿ, ಮತ್ತೆ ತ್ಯಾಗ ಅಂತ ಏನು ಹೇಳಲಿ? ಅಜ್ಜಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಹುಯ್ಯುತ್ತ ಯೋಚಿಸಿದಳು. ಕಾಫಿ ಎಂದರೆ ಅವಳಿಗೆ ಜೀವ. ಮೈಸೂರಿನಿಂದ ಸೀರೆಗಳ ನಡುವೆ ಸುತ್ತಿ ತಂದಿದ್ದ ಹಿತ್ತಾಳೆ ಫಿಲ್ಟರನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

“ನಿನ್ನಪ್ಪ ಹೇಳ್ತಾನಲ್ಲ, ಅವರು ಪ್ರಾಣ, ಆಸ್ತಿ, ಮಾನ ಎಲ್ಲಾ ಪಣಕ್ಕಿಟ್ರು ಅಂತ. ಈ ಬಟ್ಟೆ ಒಗೆಯೋಳು ಆ ಮನೆಗೆ ಹೆಂಗೆ ಬಂದ್ಳು?”

“ಕೊಂಡ್ಕೊಂಡ್ರು ಅಜ್ಜಿ.”

“ಕೊಂಡ್ಕೊಂಡ್ರಾ? ಎಮ್ಮೆ ಕೊಂಡ್ಕೊಂಡಂಗಾ?”

“ಹೂಂ. ಅವಳ ಮಕ್ಕಳನ್ನೂ ಮಾರಬಹುದಿತ್ತು.”

ಅಜ್ಜಿ ಹುಯ್ಯುವುದನ್ನು ನಿಲ್ಲಿಸಿದಳು.

“ಹಂಗಾದ್ರೆ ಆಸ್ತಿ ಕೊಡ್ತೀವಿ ಅಂದ್ರಲ್ಲ, ಆ ಆಸ್ತೀಲಿ ಇವಳೂ ಸೇರಿದ್ಳಾ?”

ನನ್ನ ಪುಸ್ತಕದಲ್ಲಿ ಆ ಪ್ರಶ್ನೆ ಇರಲಿಲ್ಲ. ಅಪ್ಪನ ಕಥೆಗಳಲ್ಲಂತೂ ಇರಲಿಲ್ಲ. ಅಜ್ಜಿ ನನ್ನ ಉತ್ತರಕ್ಕೆ ಕಾಯಲಿಲ್ಲ. ಕಾಶಿಯ ಕಥೆ ತೆಗೆದಳು. ನಮ್ಮಲ್ಲಿ ಕಾಶಿಗೆ ಹೋದವರು ಗಂಗೆಯಲ್ಲಿ ನಿಂತು ಏನಾದರೊಂದು ತಿನ್ನುವ ವಸ್ತುವನ್ನು ಬಿಟ್ಟು ಬರುತ್ತಾರೆ, ಬಿಟ್ಟ ಮೇಲೆ ಸಾಯುವತನಕ ಮುಟ್ಟುವಂತಿಲ್ಲ. ತಾತ ಮತ್ತು ಅಜ್ಜಿ ಒಟ್ಟಿಗೆ ಹೋಗಿದ್ದರು. ತಾತ ಹಾಗಲಕಾಯಿ ಬಿಟ್ಟ. ಅದನ್ನು ಅವನು ಹುಟ್ಟಿದಾಗಿನಿಂದ ತಿಂದವನಲ್ಲ. ಅಜ್ಜಿ ಹಲಸಿನ ಹಣ್ಣು ಬಿಟ್ಟಳು, ಸೀಸನ್ನಿನಲ್ಲಿ ಅದಕ್ಕಾಗಿ ಊಟವನ್ನೇ ಬಿಡುತ್ತಿದ್ದವಳು. ಬ್ರಿಸ್ಬೇನಿನ ಸಂತೆಯಲ್ಲಿ ಹಲಸು ಕಂಡಾಗ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟಿದ್ದು ನನಗೆ ನೆನಪಿತ್ತು.

“ನಿನ್ನ ತಾತನ್ನ ದಾರಿಯುದ್ದಕ್ಕೂ ಬೈದೆ, ರೈಲಲ್ಲಿ ಎಲ್ಲರ ಮುಂದೆ. ಬಿಡೋದಾದ್ರೆ ನಮ್ಮದಾಗಿರ್ಬೇಕು, ನಮಗೆ ಇಷ್ಟವಾಗಿರ್ಬೇಕು. ಅವರಿವರದ್ದನ್ನ ಬಿಡೋಕೆ ಗಂಗೆವರ್ಗೂ ಯಾಕೆ ಹೋಗ್ಬೇಕು? ಸುಮ್ನೆ ರೈಲು ಚಾರ್ಜು.”

ಆಮೇಲೆ ನಾನು ಪುಸ್ತಕದಲ್ಲಿದ್ದ ಇನ್ನೊಂದು ಸಂಗತಿ ಹೇಳಿದೆ. ದೊರೆ ಚಹಾಕ್ಕೆ ತೆರಿಗೆ ಹಾಕಿದನೆಂದು ಅಲ್ಲಿನ ಎಷ್ಟೋ ಹೆಂಗಸರು ಚಹಾ ಕುಡಿಯುವುದನ್ನೇ ಬಿಟ್ಟು ಯಾವುಯಾವುದೋ ಎಲೆಯ ಕಷಾಯ ಕುಡಿದರಂತೆ. ಅಜ್ಜಿ ತನ್ನ ಲೋಟದೊಳಗೆ ನೋಡಿಕೊಂಡು ತಲೆದೂಗಿದಳು.

“ಪರವಾಗಿಲ್ಲ. ಅದು ದೊಡ್ಡದು.”

ಮುಂದಿನ ಶುಕ್ರವಾರ ದೇವರ ಪಟಗಳಿಗೆ ಕುಂಕುಮವಿಟ್ಟ ಮೇಲೆ ಅವಳು ಸೆರಗಿನ ತುದಿಯನ್ನು ಒದ್ದೆ ಮಾಡಿ, ಟೋಪನ್ನಿನವರ ಗಾಜಿನ ಮೇಲಿದ್ದ ಹಳೆಯ ಬೊಟ್ಟನ್ನು ಉಜ್ಜಿ ತೆಗೆದಳು. ಅಪ್ಪ ಶೇವ್ ಮಾಡಿಕೊಳ್ಳುತ್ತಿದ್ದವನು ಸೋಪಿನ ಮುಖದಲ್ಲೇ ಓಡಿಬಂದ.

“ಏನಮ್ಮಾ ಇದು? ಅವರು ಜೀವ ಪಣಕ್ಕಿಟ್ಟಿದ್ದು ಸುಳ್ಳಾ? ಸೋತಿದ್ರೆ ಗಲ್ಲಿಗೆ ಹೋಗ್ತಿದ್ರು.”

“ಸುಳ್ಳು ಅಂತ ಯಾರಂದ್ರು ರಾಜು? ಜೀವ ಅವರದೇ, ಅದಕ್ಕೇ ಪಟ ಇರ್ಲಿ ಅಂತ ಬಿಟ್ಟಿದೀನಿ. ಕುಂಕುಮ ಬೇಡ. ಬಟ್ಟೆ ಒಗೆಯೋಳ ಜೀವ ಅವರದಲ್ಲ.”

ಅಪ್ಪ ಅರ್ಧ ಶೇವಿನಲ್ಲೇ ಪಟವನ್ನು ಗೋಡೆಯಲ್ಲಿ ನೆಟ್ಟಗೆ ಮಾಡಿ ಹೋದ. ಅವನ ಸಂಕಟ ಈಗ ನನಗೆ ಅರ್ಥವಾಗುತ್ತದೆ. ಮಧ್ಯಮ ವರ್ಗದ ಹುಡುಗನೊಬ್ಬನಿಗೆ ರದ್ದಿಯ ನಡುವೆ ಸಿಕ್ಕ ಧೈರ್ಯ ಅದು. ಅದನ್ನು ಹಿಡಿದುಕೊಂಡೇ ಅವನು ಗೊತ್ತಿಲ್ಲದ ದೇಶಕ್ಕೆ ಬಂದದ್ದು, ಗೊತ್ತಿಲ್ಲದವರ ಮುಂದೆ ಇಂಟರ್‌ವ್ಯೂಗೆ ಕೂತದ್ದು. ಅದಕ್ಕೆ ಅಂಟಿದ್ದ ಕೊಳೆಯನ್ನು ತೋರಿಸಿದರೆ ಧೈರ್ಯವೇ ಹೋಗಿಬಿಡುತ್ತದೆಂದು ಅವನು ಹೆದರಿದ್ದನೋ ಏನೋ.

ಭಾನುವಾರ ಬಂತು. ಮರುದಿನ ತರಗತಿಯಲ್ಲಿ ನಾನು ಮಾತನಾಡಬೇಕಿತ್ತು; ಅಂದೇ ಅಪ್ಪ ಪರ್ತ್‌ಗೆ ಒಪ್ಪಿಗೆಯನ್ನು ತಿಳಿಸುವವನಿದ್ದ. ಊಟಕ್ಕೆ ಮುಂಚೆ ನಡುಮನೆಯಲ್ಲಿ ನನ್ನ ರಿಹರ್ಸಲ್. ಅಪ್ಪ ಸೋಫಾದಲ್ಲಿ, ಅಜ್ಜಿ ಕಿಟಕಿಯಲ್ಲಿ, ಅಮ್ಮ ಒಲೆಯ ಮುಂದೆ. ಅಜ್ಜಿಗಾಗಿ ಕನ್ನಡದಲ್ಲೂ ಹೇಳಬೇಕೆಂದು ಅಪ್ಪಣೆಯಾಗಿತ್ತು. ಸೊಂಟಕ್ಕೆ ಒಂದು ಟವೆಲ್ ಸುತ್ತಿಕೊಂಡು ನಿಂತೆ.

“ನನ್ನ ಯಜಮಾನರು ಸಹಿ ಹಾಕೋಕೆ ಹೋದಾಗ ಅವರ ಅಂಗಿ ಒಗ್ದು ಕೊಟ್ಟೋಳು ನಾನು. ಅವರು ತಮ್ಮ ಪ್ರಾಣ ಕೊಡ್ತೀನಿ ಅಂದ್ರು. ಅದು ಅವರದು. ಆಸ್ತಿ ಕೊಡ್ತೀನಿ ಅಂದ್ರು. ಅದರಲ್ಲಿ ನಾನಿದ್ದೆ, ನನ್ನ ಮಗಳಿದ್ಲು. ನಮ್ಮನ್ನ ಯಾರೂ ಕೇಳ್ಲಿಲ್ಲ. ನಾನು ಏನನ್ನೂ ತ್ಯಾಗ ಮಾಡ್ಲಿಲ್ಲ. ನನ್ನಿಂದ ಕಿತ್ಕೊಂಡಿದ್ದನ್ನ ನನ್ನ ತ್ಯಾಗ ಅಂತ ಕರೀಬೇಡಿ.”

ಅಷ್ಟೇ ಇದ್ದದ್ದು. ಅಪ್ಪ, ತುಂಬಾ ಚಿಕ್ಕದಾಯ್ತು, ಕೊನೆಯಲ್ಲಿ ಒಂದು ಒಳ್ಳೆ ಮಾತು ಸೇರಿಸು ಎನ್ನುತ್ತಿದ್ದ. ಅಮ್ಮ ಒಲೆ ಆರಿಸಿ, ಕೈ ಒರೆಸಿಕೊಂಡು, ಕಟ್ಟೆಯ ಈಚೆಗೆ ಬಂದಳು.

“ನಾನು ಪರ್ತ್‌ಗೆ ಬರಲ್ಲ ರೀ.”

“ಅವಳ ಕಥೆ ಕೇಳಿ ನಿನಗೇನಾಯ್ತು? ನೀನೇನು ಗುಲಾಮಳಾ?”

“ಅಲ್ಲ. ಅವಳಿಗೆ ಬಾಗಿಲು ತೆಗೆದು ಹೋಗೋ ಹಾಗಿರ್ಲಿಲ್ಲ. ನನಗಿದೆ. ಇದ್ದೂ ಸುಮ್ನಿದ್ರೆ ಅವಳಿಗೆ ಅವಮಾನ.”

ಅಮ್ಮ ಅಷ್ಟು ಉದ್ದದ ಮಾತನ್ನು ಅಪ್ಪನಿಗೆ ಎದುರು ನಿಂತು ಆಡಿದ್ದು ನಾನು ಕೇಳಿದ್ದರಲ್ಲಿ ಅದೇ ಮೊದಲು. ಅಪ್ಪ ದನಿ ಏರಿಸಿದ. ಅಮ್ಮ ಏರಿಸಲಿಲ್ಲ, ಇಳಿಸಲೂ ಇಲ್ಲ.

“ಈ ಮನೆಗೋಸ್ಕರ ನೀನೇನೂ ಬಿಡಲ್ವಾ ಹಾಗಾದ್ರೆ?”

“ಬ್ರಿಸ್ಬೇನಲ್ಲಿ ಬಿಟ್ನಲ್ಲ, ಅದು ಯಾರ ಹೆಸರಿಗೆ ಹೋಯ್ತು? ನೀವೇ ಮಂಜುನಾಥ್ ಮುಂದೆ ಹೇಳ್ತಿದ್ರಿ, ಅಡಿಲೇಡಿಗೆ ಬರೋಕೆ ನಾನು ಎಷ್ಟು ತ್ಯಾಗ ಮಾಡ್ದೆ ಅಂತ. ನೀವೇನ್ ಬಿಟ್ಟಿದ್ರಿ? ಸಂಬಳ ಜಾಸ್ತಿ ಆಗಿತ್ತು.”

“ನೀನು ಶಿಫ್ಟು, ನಾನು ಪರ್ತು. ಮಗು ಯಾರು ನೋಡ್ಕೋತಾರೆ? ಯಾರಾದ್ರೂ ಒಬ್ಬರು ಏನಾದ್ರೂ ಬಿಡ್ಲೇಬೇಕಲ್ಲ.”

“ನಾನು ಬಿಡ್ತೀನಿ” ಎಂದಳು ಅಜ್ಜಿ.

ಮೊಣಕಾಲು ಹಿಡಿದುಕೊಂಡು ಎದ್ದಳು. ಅಡುಗೆಮನೆಗೆ ಹೋಗಿ ತನ್ನ ಕಾಫಿ ಲೋಟಕ್ಕೆ ನಲ್ಲಿ ನೀರು ಹಿಡಿದಳು, ಹಿಂಬಾಗಿಲು ತೆಗೆದು ಕರಿಬೇವಿನ ಕುಂಡದ ಮುಂದೆ ಹೋಗಿ ನಿಂತಳು. ನಾವು ಮೂವರೂ ಹಿಂದೆಯೇ ಹೋದೆವು. ಬೇಲಿಯಾಚೆ ಪಕ್ಕದ ಮನೆಯವರು ಬಾರ್ಬೆಕ್ಯೂ ಒಲೆ ಹಚ್ಚಿದ್ದರು. ಈರುಳ್ಳಿ ಸುಡುವ ವಾಸನೆ ಬರುತ್ತಿತ್ತು. ಅಜ್ಜಿ ಬೊಗಸೆಗೆ ನೀರು ಬಿಟ್ಟುಕೊಂಡು, ಗಂಗೆಯಲ್ಲಿ ನಿಂತಂತೆ ಪೂರ್ವಕ್ಕೆ ತಿರುಗಿದಳು.

“ನನ್ನ ಸೊಸೆ ಆ ಆಸ್ಪತ್ರೆ ಕೆಲಸಕ್ಕೆ ಹೋಗ್ಲಿ ಅಂತ ಇವತ್ತಿಂದ ಕಾಫಿ ಬಿಟ್ಟೆ.”

ನೀರನ್ನು ಕುಂಡಕ್ಕೆ ಬಿಟ್ಟಳು. ಅಪ್ಪ ಒಂದು ಹೆಜ್ಜೆ ಮುಂದೆ ಬಂದ.

“ಅಮ್ಮಾ, ಇದು ಬ್ಲ್ಯಾಕ್‌ಮೇಲ್.”

“ಹಂಗಂದ್ರೆ ನೀನು ಇದು ಮಾಡ್ದಿದ್ರೆ ನಾನು ಅದು ಮಾಡ್ತೀನಿ ಅನ್ನೋದಲ್ವಾ? ನಾನು ನಿನಗೇನಾದ್ರೂ ಹೇಳಿದ್ನಾ? ನೀನು ಪರ್ತ್‌ಗೆ ಹೋಗು, ಬಿಡು, ನಾನಂತೂ ಬಿಟ್ಟಾಯ್ತು. ಮಗು ನೋಡ್ಕೊಳೋಕೆ ನಾನಿದೀನಿ, ಮೈಸೂರಿಗೆ ಈ ವರ್ಷ ಹೋಗಲ್ಲ. ಇನ್ಮೇಲೆ ನಿನ್ನ ಕಾಫಿ ನೀನು ಮಾಡ್ಕೋ. ಫಿಲ್ಟರ್ ಮುಟ್ಟಬಹುದು.”

ಅಮ್ಮ ಅತ್ತೆಯ ಕೈಯಿಂದ ಲೋಟ ತೆಗೆದುಕೊಳ್ಳಲು ಹೋಗಿ, ಬೇಡ ಅತ್ತೆ, ಇದೊಂದು ಬೇಡ ಎಂದು ಗೋಗರೆದಳು. ಅಜ್ಜಿ ಅವಳ ಕೈಯನ್ನು ಸರಿಸಿ, ಮುದ್ದೆ ಆರಿಹೋಗ್ತಿದೆ ನಡಿ ಎಂದಳು. ಅಂದು ಸೊಪ್ಪಿನ ಸಾರು ಮುದ್ದೆ. ಊಟವಾದ ಮೇಲೆ ದಿನದಂತೆ ಅಜ್ಜಿಯ ಕಾಫಿಯ ಹೊತ್ತು ಬಂತು, ಅವಳು ಆ ಲೋಟಕ್ಕೇ ಬಿಸಿನೀರು ಬಗ್ಗಿಸಿಕೊಂಡು ಬಟ್ಟಲಿಗೆ ಹುಯ್ದು, ಲೋಟಕ್ಕೆ ಹುಯ್ದು, ಕುಡಿದಳು. ಮುಖ ಕಹಿಯಾದದ್ದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

ಮರುದಿನ ತರಗತಿಯಲ್ಲಿ ನನ್ನ ಮಾತು ಮುಗಿದಾಗ ಸೇನಾಪತಿಯಾಗಿದ್ದ ಹುಡುಗಿ, ಇಷ್ಟೇನಾ ಎಂದು ಕೇಳಿದಳು. ಇಷ್ಟೇ ಎಂದು ಹೇಳಿ ಬಂದು ಕೂತೆ.

ದೇಶ ದೊಡ್ಡದು, ಮನೆ ಚಿಕ್ಕದು ಎಂಬ ಮಾತನ್ನು ನಾನು ಆಮೇಲೆ ಬೇಕಾದಷ್ಟು ಕಡೆ ಕೇಳಿದ್ದೇನೆ. ಈಗ ಬ್ರಿಸ್ಬೇನಿನಲ್ಲಿ ನನ್ನ ಮಕ್ಕಳ ಶಾಲೆಯಲ್ಲೂ ಬಾವುಟದ ಕೆಳಗೆ ಯಾರಾದರೂ ನಿಂತು ಹಿರಿಯರ ತ್ಯಾಗದ ಬಗ್ಗೆ ಮಾತನಾಡುತ್ತಾರೆ. ನಾನು ಎದ್ದು ನಿಲ್ಲುತ್ತೇನೆ, ತಲೆಯನ್ನೂ ಬಾಗಿಸುತ್ತೇನೆ. ಹಿಮದಲ್ಲಿ ಚಿಂದಿ ಸುತ್ತಿಕೊಂಡು ನಡೆದವರ ಕಾಲು ಅವರದೇ, ಅದನ್ನು ಯಾರೂ ಚಿಕ್ಕದು ಮಾಡಲಾಗದು. ಆದರೆ ಈ ಕಾಲದಲ್ಲಿ ತ್ಯಾಗ ಮಾಡಿ ಎಂದು ಮೈಕು ಹಿಡಿದವರು ಎಲ್ಲಿ ಕಂಡರೂ, ಅದು ಯಾವ ದೇಶದ ಬಾವುಟವಾದರೂ ಸರಿ, ನಾನು ಅಜ್ಜಿಯ ಮೊಮ್ಮಗಳಾಗಿ ಅವರ ಕೈಯನ್ನೇ ನೋಡುತ್ತೇನೆ. ಬಿಡುತ್ತಿರುವುದು ನಿನ್ನದೋ, ಪಕ್ಕದವಳದೋ? ನಿನಗೆ ಇಷ್ಟವಾದದ್ದೋ, ಹಾಗಲಕಾಯಿಯೋ? ಇದನ್ನು ಕೇಳಿದರೆ ದೇಶದ್ರೋಹವಾಗುತ್ತದೆ ಎನ್ನುವವರು ಇದ್ದಾರೆ. ಆಗಲಿ. ಆ ಟೋಪನ್ನಿನವರೂ ದೊರೆಗೆ ಇಂಥದೇ ಪ್ರಶ್ನೆ ಕೇಳಿದ್ದಕ್ಕೆ ದ್ರೋಹಿಗಳೆನಿಸಿಕೊಂಡರು. ಅಪ್ಪ ನನಗೆ ಕಲಿಸಿದ್ದು ಅದನ್ನೇ. ಅವರು ತಮ್ಮ ಹಿತ್ತಲಿನಲ್ಲಿ ಕೇಳಿಕೊಳ್ಳದೆ ಬಿಟ್ಟದ್ದನ್ನು ನಾವು ಕೇಳಿದರೆ ಅವರ ಕೆಲಸವನ್ನು ಮುಂದುವರಿಸಿದಂತೆ ಎಂದೇ ನಾನು ತಿಳಿದಿದ್ದೇನೆ.

ಅಪ್ಪ ಪರ್ತ್‌ಗೆ ಒಬ್ಬನೇ ಹೋದ. ಗಣಿಯಲ್ಲಿ ಕೆಲವು ವಾರಗಳ ಪಾಳಿ ಮುಗಿಸಿ ವಿಮಾನದಲ್ಲಿ ಅಡಿಲೇಡಿಗೆ ಬಂದು ಹೋಗುತ್ತಿದ್ದ. ಬಂದಾಗ ತನ್ನ ಡಿಕಾಕ್ಷನ್ ತಾನೇ ಇಳಿಸಿಕೊಳ್ಳುತ್ತಿದ್ದ, ಮೊದಮೊದಲು ಅದು ಕೆಸರಿನಂತಿತ್ತು. ಅಮ್ಮ ನೀಲಿ ಸಮವಸ್ತ್ರ ಹಾಕಿಕೊಂಡು ಮಾಡ್ಬರಿಗೆ ಹೋದಳು. ಅಮ್ಮನಿಗೆ ಬ್ರಿಸ್ಬೇನಿನಲ್ಲಿ ದೊಡ್ಡ ಹುದ್ದೆ ಬಂದ ವರ್ಷ ಪರ್ತ್‌ನ ಕೆಲಸ ಬಿಟ್ಟು ಅವಳ ಹಿಂದೆ ಬಂದವನು ಅಪ್ಪ. ಬರುವಾಗ ಅಡಿಲೇಡಿನ ಗೋಡೆಯಿಂದ ಪಟವನ್ನೂ ತಂದು ತೂಗುಹಾಕಿದ. ತ್ಯಾಗ ಎಂಬ ಪದವನ್ನು ಮಾತ್ರ ಎತ್ತಲಿಲ್ಲ. ಅಜ್ಜಿ ಆ ಬ್ರಿಸ್ಬೇನಿನ ಮನೆಯಲ್ಲೇ, ಮೈಸೂರಿನ ಫಿಲ್ಟರಿನ ಎದುರು ಬಿಸಿನೀರು ಕುಡಿಯುತ್ತಲೇ ಮುದಿಯಾಗಿ, ಒಂದು ಚಳಿಗಾಲದಲ್ಲಿ ತೀರಿಕೊಂಡಳು.

ಆ ವರ್ಷದ ಪಿತೃಪಕ್ಷದಲ್ಲಿ ಅವಳಿಗೆ ಎಡೆ ಇಟ್ಟೆವು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಇಡುವುದು ನಮ್ಮ ಮನೆಯ ಪದ್ಧತಿ. ಬಾಳೆಲೆಯ ಮೇಲೆ ಮುದ್ದೆ, ಸೊಪ್ಪಿನ ಸಾರು, ಕಜ್ಜಾಯ ಎಲ್ಲ ಬಂದ ಮೇಲೆ, ಅಪ್ಪ ತಾನೇ ಮಾಡಿದ ಕಾಫಿಯನ್ನು ಅವಳ ಲೋಟದಲ್ಲಿ ತಂದ. ಆ ಹೊತ್ತಿಗೆ ಅವನ ಕೈಯ ಕಾಫಿ ಅಜ್ಜಿಯದರಷ್ಟೇ ಘಮ ಬರುತ್ತಿತ್ತು. ಅಮ್ಮ ಡ್ಯೂಟಿಯಿಂದ ಆಗಷ್ಟೇ ಬಂದು ಸಮವಸ್ತ್ರದಲ್ಲೇ ನಿಂತಿದ್ದಳು.

“ಅತ್ತೆ ಅದನ್ನ ಬಿಟ್ಟಿದ್ರು ರೀ.”

ಅಪ್ಪ ಹಿತ್ತಲಿಗೆ ಹೋಗಿ ಕಾಫಿಯನ್ನು ಕರಿಬೇವಿನ ಬುಡಕ್ಕೆ ಸುರಿದು ಬಂದ. ಲೋಟ ತೊಳೆದ. ಕೆಟಲ್ ಹಾಕಿ, ನೀರು ಕುದಿಯುವತನಕ ಕಾದು, ಲೋಟಕ್ಕೆ ಬಿಸಿನೀರು ಬಗ್ಗಿಸಿ ಎಡೆಯ ಪಕ್ಕದಲ್ಲಿಟ್ಟ.